ಕುಸುಬೆ ಎಣ್ಣೆ ಹಚ್ಚಿದ ಕಾರು

ಮನುಷ್ಯನ ನೆನಪುಗಳು ವಾಸಮಾಡುವುದು ತಲೆಯಲ್ಲಲ್ಲ, ಮೂಗಿನಲ್ಲಿ ಎಂದು ತಿಳಿದವರು ಹೇಳುತ್ತಾರೆ. ನನ್ನ ಮೂಗಿನಲ್ಲಿ ನೆಗಡಿಯನ್ನು ಬಿಟ್ಟು ಬೇರೆ ಯಾವುದೂ ಬಹುಕಾಲ ವಾಸಮಾಡಿದ ದಾಖಲೆ ಇಲ್ಲ. ಆದರೂ ಹೋದ ವಾರ ಹರಪನಹಳ್ಳಿಯ ಪೇಟೆಯಲ್ಲಿ ಹೊಸದಾಗಿ ಶುರುವಾದ ಎಣ್ಣೆ ಗಾಣದ ಮುಂದೆ ಹಾಯುತ್ತಿದ್ದಾಗ ಆ ಮಾತನ್ನು ಪೂರ್ತಿ ತಳ್ಳಿಹಾಕುವುದು ಕಷ್ಟವಾಯಿತು. ಗಾಣದವನು ನನ್ನನ್ನು ಗಿರಾಕಿ ಎಂದು ತಿಳಿದು ಅಂಗೈಗೆ ನಾಲ್ಕು ಹನಿ ಎಣ್ಣೆ ಬಿಟ್ಟು, "ವಾಸನಿ ನೋಡ್ರಿ ಯಜಮಾನ್ರ, ಹಸನಾದ ಕುಸುಬಿ" ಎಂದ. ನೋಡಿದೆ. ಕುಸುಬೆ ಎಣ್ಣೆ ಎಂದರೆ ಬೇರೆಯವರಿಗೆ ಅವ್ವನ ಕೈಯ ಪಲ್ಯ ನೆನಪಾದೀತು, ಹಬ್ಬದ ಅಡುಗೆ ನೆನಪಾದೀತು. ನನಗೆ ನೆನಪಾದದ್ದು ಒಂದು ಅಂಬಾಸಿಡರ್ ಕಾರಿನ ಬಾನೆಟ್ಟು, ಒಂದು ಎಮ್ಮೆ, ಅವೆರಡರ ನಡುವೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಒಬ್ಬ ದೊಡ್ಡ ಮನುಷ್ಯ. ಪೇಟೆಯ ನಡುವೆ ನಿಂತಲ್ಲೇ ನನ್ನ ಕಿವಿ ಬಿಸಿಯಾದವು. ನಾಚಿಕೆಗೆ ಇಷ್ಟು ವರ್ಷದ ಮೇಲೂ ನನ್ನ ಕಿವಿಯ ದಾರಿ ಮರೆತಿರಲಿಲ್ಲ... ಎಣ್ಣೆ ಕೊಳ್ಳದೆ ಮನೆಗೆ ಬಂದೆ.

ಕೊಟ್ಟೂರಿನಲ್ಲಿ ನಮ್ಮ ಮನೆಯ ಎದುರಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಯಜಮಾನರನ್ನು ನಾನು ಗಿರಣಿ ಕಾಕ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ. ನಮ್ಮಪ್ಪ ಮತ್ತು ಅವರು ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಅಂಥ ನಂಟು ರಕ್ತಕ್ಕಿಂತ ಗಟ್ಟಿ ಎಂದು ಇಬ್ಬರೂ ನಂಬಿದ್ದರು. ಕಾಕನಿಗೆ ಮಕ್ಕಳಿರಲಿಲ್ಲ. ಆಳು ಆರಡಿ, ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಚಿಕ್ಕವನಿದ್ದಾಗ ಅವರು ಹುಟ್ಟಿನಿಂದಲೇ ಹುಬ್ಬು ನರೆತವರು ಎಂದು ತಿಳಿದಿದ್ದೆ. ಒಮ್ಮೆ ಹಬ್ಬಕ್ಕೆ ತಲೆಗೆ ಎರೆದುಕೊಂಡು ಬಂದಾಗ ಕಪ್ಪು ಹುಬ್ಬು ಕಂಡು, ಯಾರೋ ಬೇರೆಯವರು ಎಂದು ಒಳಗೆ ಓಡಿಹೋಗಿದ್ದೆನಂತೆ.

ಕಾಕನ ಹತ್ತಿರ ಒಂದು ಕಾರಿತ್ತು. ಹೊಸಪೇಟೆಯ ಗುತ್ತಿಗೆದಾರರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಅಂಬಾಸಿಡರ್. ಬದನೆಕಾಯಿ ಬಣ್ಣ. ಬಂದ ಹೊಸತರಲ್ಲಿ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ರುಮಾಲು ಸುತ್ತಿಕೊಳ್ಳಬಹುದಿತ್ತು, ಸುತ್ತಿಕೊಂಡವರೂ ಇದ್ದರು. ಆ ದಿನಗಳಲ್ಲಿ ನಮ್ಮ ಓಣಿಯ ಯಾವ ಮದುಮಗನೂ ಆ ಕಾರಿನಲ್ಲಿ ಕೂರದೆ ಗೃಹಸ್ಥಾಶ್ರಮವನ್ನು ಪ್ರವೇಶಿಸಿದ್ದಿಲ್ಲ. ಕಾಕ ತಾವೇ ಓಡಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ಮದುವೆ ಯಾರದೆಂದು ಅನುಮಾನ ಬರುವಂತಿರುತ್ತಿತ್ತು. ನಾನು ಶಾಲೆಗೆ ಹೋಗುವಾಗಿನಿಂದಲೂ ಗಿರಣಿಯ ಕಟ್ಟೆಯಿಂದ ಕೂಗಿ ಹೇಳುತ್ತಿದ್ದರು: "ಲೇ ತಮ್ಮಾ, ನಿನ್ನ ಮದುವಿಗೆ ನಾನ ಡ್ರೈವರ್. ಈಗ ಹೇಳೀನಿ, ಬ್ಯಾರೆಯವ್ರಿಗೆ ಮಾತು ಕೊಡಬ್ಯಾಡ." ನನಗಾಗ ಮಗ್ಗಿಯೇ ಬರುತ್ತಿರಲಿಲ್ಲ.

ನಮ್ಮ ಸೀಮೆಯ ಬಿಸಿಲು ಮರ್ಯಾದೆ ನೋಡುವುದಲ್ಲ. ಗಿರಣಿಯ ಪಕ್ಕದ ಬಯಲಲ್ಲಿ ನಿಂತು ನಿಂತು ಕಾರಿನ ಬಣ್ಣ ಮೊದಲು ಮಂಕಾಯಿತು, ಆಮೇಲೆ ಬೂದಿಯಾಯಿತು, ಕೊನೆಗೆ ಸುಣ್ಣದ ಗೋಡೆಯ ಹಾಗೆ ಮುಟ್ಟಿದವರ ಕೈಗೆ ಪುಡಿಪುಡಿಯಾಗಿ ಬರತೊಡಗಿತು. ಕಾರಿಗೆ ಒರಗಿ ನಿಂತು ಮಾತಾಡಿ ಹೋದವರನ್ನು ಬೆನ್ನು ನೋಡಿಯೇ ಗುರುತಿಸಬಹುದಿತ್ತು. ಹೀಗಿರುವಾಗ ಒಬ್ಬ ಮದುಮಗ ಬಿಳಿ ಅಂಗಿ, ಬಿಳಿ ಧೋತರದಲ್ಲಿ ಕಾರಿನಿಂದ ಇಳಿದು, ಫೋಟೋಕ್ಕೆಂದು ಒಂದು ಗಳಿಗೆ ಬಾಗಿಲಿಗೆ ಒರಗಿ ನಿಂತ. ಅಕ್ಷತೆಗೆ ನಿಂತಾಗ ಹಿಂದಿನ ಸಾಲಿನವರು ಅಕ್ಷತೆಯನ್ನು ಮರೆತು ಅವನ ಹಿಂಭಾಗವನ್ನೇ ನೋಡುತ್ತಿದ್ದರಂತೆ. ಅಂದಿನಿಂದ ಕಾರು ಕೇಳಿಕೊಂಡು ಬರುವವರು ನಿಂತರು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಮೆರವಣಿಗೆಗೆ ಬೇರೆ ಓಣಿಯ ಜೀಪು ಬರತೊಡಗಿತು, ಅಷ್ಟೇ. ಆ ಜೀಪು ನಮ್ಮ ಓಣಿಯಲ್ಲಿ ಹಾಯುವ ಹೊತ್ತಿಗೆ ಸರಿಯಾಗಿ ಗಿರಣಿಗೆ ಎಲ್ಲಿಲ್ಲದ ಜೋಳ ಬರುತ್ತಿತ್ತು. ಕಾಕ ತಲೆಯೆತ್ತದೆ ಬೀಸುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಡಗಲಿಯಿಂದ ಒಂದು ಸಂಬಂಧದ ಸುದ್ದಿ ಬಂತು. ಮನೆತನ ಒಪ್ಪಿಗೆ, ಜಾತಕ ಒಪ್ಪಿಗೆ, ನಾಡಿದ್ದೇ ಹುಡುಗಿ ನೋಡಲು ಬನ್ನಿ, ಸರಿಬಂದರೆ ಅವತ್ತೇ ವೀಳ್ಯ ಮುಗಿಸಿಬಿಡೋಣ ಎಂದು ಹೇಳಿಕಳಿಸಿದ್ದರು. ಸುದ್ದಿ ನಮ್ಮ ಮನೆಯ ಒಳಗೆ ತಲುಪುವ ಮೊದಲೇ ಗಿರಣಿಗೆ ತಲುಪಿತು. ಕಾಕ ಹುಬ್ಬಿನ ಹಿಟ್ಟು ಒರೆಸಿಕೊಂಡು ಬಂದು ಪಡಸಾಲೆಯಲ್ಲಿ ಕೂತು, "ಕಾರ್ ತಗೊಂಡ್ ಹೋಗೂದು" ಎಂದರು.

ಅವ್ವ ಒಳಗಿನಿಂದ, "ಬಸ್ಸಿಗೆ ಹೋದ್ರ ಆಗ್ತಿತ್ತಲ್ರಿ" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಬಸ್ಸಿಗೆ ಹೋಗಾಕ ಅವ ಏನು ಟಪಾಲೇನವ್ವಾ" ಎಂದರು ಕಾಕ.

ಅವರ ಲೆಕ್ಕ ನನಗೆ ಆಮೇಲೆ ತಿಳಿಯಿತು. ಹುಡುಗಿ ನೋಡುವ ದಿನ ಕಾರು ಬೀಗರ ಕಣ್ಣಿಗೆ ಚೆನ್ನಾಗಿ ಬಿದ್ದರೆ, ಮದುವೆಯ ದಿನ ಮದುಮಗ ಯಾವುದರಲ್ಲಿ ಬರಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅವರಿಗೆ ಅದೊಂದು ಆಗಬೇಕಿತ್ತು. ಆ ಕಾರಿನಲ್ಲಿ ಕೂರಲು ಓಣಿಯಲ್ಲಿ ಇನ್ನು ಉಳಿದಿದ್ದ ಮದುಮಗ ನಾನೊಬ್ಬನೇ.

ಅವತ್ತೇ ಕಾರು ತೆಗೆದುಕೊಂಡು ಹಗರಿಬೊಮ್ಮನಹಳ್ಳಿಯ ಪೇಂಟರ್ ಒಬ್ಬನ ಹತ್ತಿರ ಹೋದೆವು. ಅವನು ಬೆರಳಿನಿಂದ ಬಾನೆಟ್ಟು ಉಜ್ಜಿ, ಬೆರಳಿಗೆ ಬಂದ ಪುಡಿ ನೋಡಿ, "ಬಣ್ಣ ಸತ್ತಿಲ್ರಿ, ಮ್ಯಾಲಿನ ಪದರ ಸತ್ತೈತಿ. ಕಾಂಪೌಂಡ್ ಪೇಸ್ಟ್ ಹಚ್ಚಿ ಮೆಲ್ಲಕ ತಿಕ್ಕಿ ತೆಗೀಬೇಕು, ಆಮ್ಯಾಲೆ ಮೇಣ. ಎರಡು ವಾರ ಬೇಕು" ಎಂದ. ಕಾಕ ನಾಡಿದ್ದಿನ ವಿಷಯ ಹೇಳಿದರು. "ಹಂಗಾರ ಬಸ್ಸಿಗೆ ಹೋಗ್ರಿ" ಎಂದ ಪೇಂಟರ್. ಒಂದೇ ದಿನದಲ್ಲಿ ಎರಡನೇ ಬಾರಿ ಬಸ್ಸಿನ ಸಲಹೆ ಕೇಳಿದ ಕಾಕ ಊರು ಮುಟ್ಟುವ ತನಕ ದಾರಿಯಲ್ಲಿ ಸಿಕ್ಕ ಬಸ್ಸನ್ನೆಲ್ಲ ಹಿಂದೆ ಹಾಕಿದರು.

ಮರುದಿನ ಸಂಜೆ ಗಿರಣಿಯ ಕಟ್ಟೆಯ ಮೇಲೆ ಅವರು ಊಟಕ್ಕೆ ಕೂತಿದ್ದಾಗ ಆ ಆವಿಷ್ಕಾರ ನಡೆಯಿತು. ರೊಟ್ಟಿಗೆ ಚಟ್ನಿಪುಡಿ, ಚಟ್ನಿಪುಡಿಗೆ ಕುಸುಬೆ ಎಣ್ಣೆ. ಎಣ್ಣೆ ಹತ್ತಿದ ಬೆರಳನ್ನು ಹಾಗೇ ಎದುರಿಗಿದ್ದ ಕಾರಿನ ಬಾಗಿಲಿಗೆ ಒರೆಸಿದ್ದಾರೆ. ಒರೆಸಿದಲ್ಲಿ ಬದನೆಕಾಯಿ ಬಣ್ಣ ಕಣ್ಣು ಬಿಟ್ಟಿದೆ. ಊಟ ಅಲ್ಲಿಗೇ ಬಿಟ್ಟು ನನ್ನನ್ನು ಕೂಗಿದರು. ಒಣಗಿ ಪುಡಿಯಾದ ಬಣ್ಣಕ್ಕೆ ಎಣ್ಣೆ ಕುಡಿಸಿದರೆ ತುಸು ಹೊತ್ತು ಹೊಳೆಯುತ್ತದೆ. ಇದು ಈಗ ನನಗೆ ಗೊತ್ತು. ಆಗ ಅದೊಂದು ಪವಾಡದಂತೆ ಕಂಡಿತು. ಕಾಕಿ ವರ್ಷಕ್ಕೆಂದು ತುಂಬಿಟ್ಟಿದ್ದ ಎಣ್ಣೆಯ ಡಬ್ಬಿ ಹೊರಗೆ ಬಂತು. ಹಳೆ ಧೋತರ ಹರಿದು ಇಬ್ಬರೂ ಕತ್ತಲಾಗುವ ತನಕ ತಿಕ್ಕಿದೆವು.

ಬೆಳಗ್ಗೆ ಕಾರು ಹೊಳೆಯುತ್ತಿತ್ತು. ಸುಳ್ಳು ಹೇಳಬಾರದು, ನಿಜವಾಗಿಯೂ ಹೊಳೆಯುತ್ತಿತ್ತು. ಓಣಿಯ ಜನ ಹಲ್ಲುಜ್ಜುವುದನ್ನು ನಿಲ್ಲಿಸಿ ಬಂದು ನೋಡಿದರು. ಯಾರನ್ನೂ ಯಾವುದನ್ನೂ ಹೊಗಳಿ ಅಭ್ಯಾಸವಿಲ್ಲದ ಅಪ್ಪ ಬಾಗಿಲಿನ ಮುಂದೆ ಬಗ್ಗಿ ಮೀಸೆ ತಿರುವಿಕೊಂಡು, "ಕಾಣ್ತತಿ" ಎಂದರು. ಕಾಕ ಆ ಒಂದು ಶಬ್ದವನ್ನು ಸನ್ಮಾನದ ಶಾಲಿನಂತೆ ಹೊದ್ದುಕೊಂಡು ಸ್ಟೇರಿಂಗ್ ಹಿಡಿದರು.

ಹಡಗಲಿಗೆ ಹತ್ತಿರದ ದಾರಿ ಬೇರೆ ಇತ್ತು. ಕಾಕ ಹಗರಿಬೊಮ್ಮನಹಳ್ಳಿಯ ಮೇಲೆ ಹಾಯ್ದರು. ಕಾರಣ ಕೇಳುವ ಅಗತ್ಯ ಇರಲಿಲ್ಲ. ಪೇಂಟರನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಹಾರನ್ ಮಾತ್ರ ಬಾರಿಸಿದರು. ಅವನು ಹೊರಗೆ ಬಂದು ನೋಡಿದ, ಒಂದು ಬೆರಳು ಮುಟ್ಟಿಸಿದ, ಬೆರಳನ್ನು ಮೂಸಿದ. "ಧೂಳಾಗ ಹುಷಾರ್ರಿ" ಎಂದಷ್ಟೇ ಹೇಳಿ ಒಳಗೆ ಹೋದ. "ಹೊಟ್ಟಿಕಿಚ್ಚು" ಎಂದು ಕಾಕ ಗೇರ್ ಹಾಕಿದರು.

ಹುರಳಿ ಒಕ್ಕುವ ಕಾಲ ಅದು. ನಮ್ಮ ಕಡೆ ಕಣ ಮಾಡುವ ಬದಲು ಹುರಳಿಯನ್ನು ಬಳ್ಳಿ ಸಮೇತ ಡಾಂಬರು ರಸ್ತೆಯ ಮೇಲೆ ಹರವಿಬಿಡುತ್ತಾರೆ. ಹೋಗುವ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಪಕ್ಕದಲ್ಲೇ ಹೆಂಗಸರು ಮೊರ ಹಿಡಿದು ಗಾಳಿಗೆ ತೂರುತ್ತಿರುತ್ತಾರೆ. ಅವತ್ತು ಆ ರಸ್ತೆ ಉದ್ದಕ್ಕೂ ಹುರಳಿಯ ಹಾಸಿಗೆಯೇ ಇತ್ತು. ಹೊಟ್ಟು ಒಳಗೆ ಬರಬಾರದೆಂದು ಗಾಜು ಏರಿಸಿಕೊಂಡು, ಬೆವರುತ್ತ, ನಾವು ಅದರ ಮೇಲೆ ಸಾಗಿದೆವು. ಒಂದು ಕಡೆ ಮುದುಕಿಯೊಬ್ಬಳು ಕೈ ಅಡ್ಡ ಮಾಡಿ, "ಇನ್ನೊಂದ್ ಸಲ ಹಾಯಿಸಪ್ಪಾ, ಪುಣ್ಯ ಬರ್ತತಿ" ಎಂದಳು. ಕಾಕ ಶುಭಕಾರ್ಯಕ್ಕೆ ಹೊರಟವರು. ಪುಣ್ಯ ಬೇಡ ಎನ್ನುವುದು ಹೇಗೆ? ರಿವರ್ಸ್ ಹಾಕಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದರು. ಹೊಟ್ಟಿನ ಮೋಡದಲ್ಲಿ ಹೊರಗಿನದೇನೂ ನಮಗೆ ಕಾಣುತ್ತಿರಲಿಲ್ಲ. ಮೇಲಿನಿಂದ ಬಿಸಿಲು ಬೇರೆ. ಕುಸುಬೆ ಎಣ್ಣೆಗೆ ಒಂದು ಗುಣವಿದೆ. ತೆಳ್ಳಗೆ ಸವರಿ ಬಿಸಿಲಿಗಿಟ್ಟರೆ ಅದು ಅಂಟಾಗುತ್ತದೆ.

ಹಡಗಲಿಯಲ್ಲಿ ಹುಡುಗಿಯ ಮನೆಯ ಮುಂದೆ ಇಡೀ ಮನೆತನ ಸಾಲಾಗಿ ನಿಂತಿತ್ತು. ಕಾರು ನಿಂತಿತು. ಎದುರಿನ ಮುಖಗಳಲ್ಲಿ ನಾವು ನಿರೀಕ್ಷಿಸಿದ ಭಾವ ಇರಲಿಲ್ಲ. ಇಳಿದು ತಿರುಗಿ ನೋಡಿದೆ. ನಾವು ಬಂದದ್ದು ಕಾರಿನಲ್ಲಲ್ಲ, ಎರಡು ದೀಪ ಹೊತ್ತ ಒಂದು ಸಣ್ಣ ಬಣವೆಯಲ್ಲಿ. ಮೇಲಿಂದ ಕೆಳಗಿನ ತನಕ, ಬಾಗಿಲು, ಬಾನೆಟ್ಟು, ಟಾಪು, ಎಲ್ಲಕ್ಕೂ ಹುರಳಿ ಹೊಟ್ಟು ಮೆತ್ತಿ, ನಡುನಡುವೆ ಬಳ್ಳಿಯ ಎಳೆಗಳು ಜೋತಾಡುತ್ತಿದ್ದವು. ಕಾಕ ಎಲ್ಲರಿಗಿಂತ ಕೊನೆಗೆ ಇಳಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತೆಗೆಯುವಾಗ ಅಂಗೈ ಅಷ್ಟು ಸುಲಭವಾಗಿ ಬರಲಿಲ್ಲ...

ಹುಡುಗಿಯ ಅಜ್ಜಿ ಮೂಗು ಅರಳಿಸಿ ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು: "ಇದೇನ್ರೀ ಬೀಗರ, ಕಾರಿಗೆ ಒಗ್ಗರಣಿ ಹಾಕೀರೇನು?"

ಯಾರೂ ನಗಲಿಲ್ಲ. ಬಂದವರೆದುರು ನಗಬಾರದೆಂದು ಅವರೂ, ನಗುವ ಸ್ಥಿತಿಯಲ್ಲಿಲ್ಲದೆ ನಾವೂ. ನಮ್ಮನ್ನು ಒಳಗೆ ಕರೆದು ಕಂಬಳಿಯ ಮೇಲೆ ಕೂರಿಸಿದರು. ಕಾಕ ಮಾತ್ರ, "ನೀವು ನಡೀರಿ, ಒಂದೀಟು ಝಾಡಿಸಿ ಬರ್ತೀನಿ" ಎಂದು ಹೊರಗೇ ಉಳಿದರು.

ಹುಡುಗಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಬಂದಳು. ಆ ಊರಿನಲ್ಲಿ ಅದೇ ದಿನ ಅದೇ ಎಣ್ಣೆಯ ಒಗ್ಗರಣೆ ಮಾಡುವ ಅಗತ್ಯ ಏನಿತ್ತೋ. ನಾನು ತಲೆ ಎತ್ತಲಿಲ್ಲ. ಎತ್ತುವುದು ಸಾಧ್ಯವಿರಲಿಲ್ಲ. ನನ್ನ ಬಗ್ಗಿದ ತಲೆ, ಕೆಂಪಾದ ಕಿವಿ ನೋಡಿ ಹಿರಿಯರೊಬ್ಬರು ಪಕ್ಕದವರಿಗೆ, "ಹುಡುಗ ಭಾಳ ಸಂಭಾವಿತ ಅದಾನ" ಎಂದದ್ದು ಕೇಳಿಸಿತು. ಜೀವನದಲ್ಲಿ ನಾನು ಗಳಿಸಿದ ಪ್ರಶಸ್ತಿಗಳಲ್ಲಿ ಅದು ಮೊದಲನೆಯದು, ಕೊನೆಯದು ಕೂಡ.

ಆಗ ಹೊರಗಿನಿಂದ ಕಾಕನ ದನಿ ಬಂತು. "ಹೋಗ್... ಹೋಗವ್ವಾ... ಹೋಗ್ ತಾಯಿ..." ಯಾರೋ ದೊಡ್ಡವರನ್ನು ಬೇಡಿಕೊಳ್ಳುವಂತಿತ್ತು. ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಮೇಯಲು ಹೋಗಿದ್ದ ಆ ಮನೆಯ ಎಮ್ಮೆ ವಾಪಸ್ಸು ಬಂದಿತ್ತು. ಹುರಳಿ ಹೊಟ್ಟೆಂದರೆ ಎಮ್ಮೆಗೆ ಮೊದಲೇ ಪ್ರಾಣ. ಅದಕ್ಕೆ ಕುಸುಬೆ ಎಣ್ಣೆ ಕಲಸಿ, ಎದೆಯ ಎತ್ತರಕ್ಕೆ ಬಡಿಸಿಟ್ಟವರನ್ನು ಅದು ಅಲ್ಲಿಯ ತನಕ ಕಂಡಿರಲಿಲ್ಲ. ಕಣ್ಣು ಅರೆಮುಚ್ಚಿ ಬಾನೆಟ್ಟನ್ನು ಈ ತುದಿಯಿಂದ ಆ ತುದಿಗೆ ನೆಕ್ಕುತ್ತಿತ್ತು. ನೆಕ್ಕಿದ ಕಡೆಯೆಲ್ಲ ಬದನೆಕಾಯಿ ಬಣ್ಣ ಫಳಫಳ. ಹುಡುಗಿ ಇನ್ನೂ ಒಪ್ಪಿಗೆಯಾಗದ ಮನೆಯ ಎಮ್ಮೆಗೆ ಹೊಡೆಯುವಂತಿಲ್ಲ. ಆರಡಿ ಆಳು, ಗಿರಣಿಯ ಧಣಿ, ಕೈ ಜೋಡಿಸಿಕೊಂಡು ಎಮ್ಮೆಯ ಮುಂದೆ ನಿಂತಿದ್ದರು. ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವಳ ಹೆಗಲು ಕುಲುಕುತ್ತಿದ್ದವು. ಅಂದು ನಾನು ಸರಿಯಾಗಿ ನೋಡಿದ್ದು ಅವಳ ಆ ಹೆಗಲನ್ನಷ್ಟೇ.

ಇಷ್ಟಾದರೂ ಸಂಬಂಧ ಕೂಡಿತು. ವೀಳ್ಯದ ತಟ್ಟೆ ಬಂತು. ಎರಡೂ ಕಡೆಯ ಹಿರಿಯರು ಎಲೆ ಅಡಿಕೆ ಕೈಗೆತ್ತಿಕೊಂಡರು. ಆಗ ಹುಡುಗಿಯ ತಂದೆ, ಅದುವರೆಗೆ ಬಹಳ ಮಾತಾಡದೆ ಕೂತಿದ್ದವರು, ಗಂಟಲು ಸರಿಮಾಡಿಕೊಂಡು ಹೇಳಿದರು: "ಎಲ್ಲಾ ಒಪ್ಪಿಗಿ ಐತ್ರಿ ಬೀಗರ. ಒಂದ ಮಾತು. ಮದುವಿಗೆ ಬರೂ ಮುಂದ ಆ ಕಾರ್ ಒಂದ ತರಬ್ಯಾಡ್ರಿ. ನಮ್ಮ ಎಮ್ಮಿ ಹೊಟ್ಟಿ ಕೆಟ್ಟೀತು."

ಅಪ್ಪ ಅವರ ಮುಖ ನೋಡಿದರು. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಆಗಲ್ರಿ. ತರಂಗಿಲ್ಲ" ಎಂದರು ಅಪ್ಪ.

ವೀಳ್ಯ ಕೈಯಲ್ಲಿದ್ದಾಗ ಆಡಿದ ಮಾತು ನಮ್ಮ ಮನೆತನದಲ್ಲಿ ಮಾತಲ್ಲ, ಶಾಸನ. ನಮ್ಮ ಮುತ್ತಜ್ಜನೊಬ್ಬ ಮಗಳ ವೀಳ್ಯದ ಹೊತ್ತಿನಲ್ಲಿ, ನಿಮ್ಮ ಊರಿನ ಉಪ್ಪುನೀರು ನಾನು ಕುಡಿಯುವವನಲ್ಲ ಎಂದು ಬೀಗರನ್ನು ಚೇಷ್ಟೆ ಮಾಡಿದ್ದನಂತೆ. ಆಮೇಲೆ ಸಾಯುವ ತನಕ ಮಗಳ ಮನೆಗೆ ಹೋಗುವಾಗ ನೀರಿನ ಬಿಂದಿಗೆ ಹೊತ್ತುಕೊಂಡು ಹೋದ. ಇಂಥವರ ವಂಶದಲ್ಲಿ ಹುಟ್ಟಿದ ಅಪ್ಪನಿಂದ ಬೇರೇನು ಬಂದೀತು.

ಕೈ ತೊಳೆದುಕೊಳ್ಳಲೆಂದು ಬಂದಿದ್ದ ಕಾಕ ಹೊಸ್ತಿಲ ಆಚೆ ನಿಂತಿದ್ದರು. ಕೇಳಿಸಿಕೊಂಡರು. ಕೈ ತೊಳೆಯದೆ ಹಿಂದಕ್ಕೆ ಹೋದರು. ವಾಪಸ್ಸು ಬರುವಾಗ ಊರ ಹತ್ತಿರ ಕಾಕ ಒಂದೇ ಮಾತು ಆಡಿದರು. "ಬೀಗರ ಎಮ್ಮಿ ಛಲೋ ಐತಿ. ಮೈಕಟ್ಟು ಭಾರಿ ಐತಿ."

ಮುಂದೆ ಅವರು ಮಾಡಿದ್ದನ್ನು ನಾನು ಬಹಳ ದಿನ ಪಕ್ಕದಲ್ಲೇ ಇದ್ದು ನೋಡಿದೆ. ಹಗರಿಬೊಮ್ಮನಹಳ್ಳಿಯ ಅದೇ ಪೇಂಟರನ ಹತ್ತಿರ ಹೋದರು. ಅವನು ನಗಲಿಲ್ಲ, ಬೈಯಲೂ ಇಲ್ಲ. ಕಾಂಪೌಂಡಿನ ಡಬ್ಬಿ, ಮೇಣದ ಡಬ್ಬಿ ಕೊಟ್ಟು, ಹೇಗೆ ತಿಕ್ಕಬೇಕೆಂದು ತೋರಿಸಿದ. ಗಿರಣಿಯ ಹತ್ತಿರ ಹಿಟ್ಟು ಹಾರುತ್ತದೆ ಎಂದು ಕಾರನ್ನು ನಮ್ಮ ಹಿತ್ತಿಲಿನ ಖಾಲಿ ಕೊಟ್ಟಿಗೆಗೆ ತಂದು ನಿಲ್ಲಿಸಿದರು. ದಿನಾ ಗಿರಣಿಯ ಕೆಲಸ ಮುಗಿಸಿ, ಮೈ ತೊಳೆದು ಬಂದು, ಅಲ್ಲಿ ಕೂರುತ್ತಿದ್ದರು. ಮೊದಲು ಸೀಮೆಎಣ್ಣೆಯ ಬಟ್ಟೆಯಿಂದ ಅಂಟನ್ನು ನೆನೆಸಿ ನೆನೆಸಿ ಬಿಡಿಸಿದರು. ಹೊಟ್ಟು ಕಲ್ಲಿನ ಹಾಗೆ ಕೂತಿತ್ತು. ಆಮೇಲೆ ಕಾಂಪೌಂಡು. ಬೊಗಸೆಯಗಲದ ಜಾಗ ಗೊತ್ತುಮಾಡಿಕೊಂಡು, ಮೆತ್ತಗಿನ ಬಟ್ಟೆಯಿಂದ ಸುತ್ತಿ ಸುತ್ತಿ ತಿಕ್ಕಿ, ಸತ್ತ ಪದರ ಹೋಗಿ ಕೆಳಗಿನ ಬಣ್ಣ ಕಂಡ ಕೂಡಲೇ ನಿಲ್ಲಿಸಬೇಕು. ಒಂದು ಗಳಿಗೆ ಹೆಚ್ಚಾದರೆ ತಗಡು. ಅಂಚುಗಳಲ್ಲಿ ಬಣ್ಣ ತೆಳುವಿರುತ್ತದೆ, ಅಲ್ಲಿ ಬರಿಯ ಬೆರಳ ತುದಿ. ಹಿಟ್ಟಿನ ಮೂಟೆ ಎತ್ತಿ ಎತ್ತಿ ಒರಟಾದ ಆ ದೊಡ್ಡ ಕೈ, ಮಗುವಿನ ಕೆನ್ನೆ ಒರೆಸುವ ಹಾಗೆ ಓಡಾಡುತ್ತಿತ್ತು.

ನಮ್ಮ ಮನೆಯಲ್ಲಿ ಮದುವೆಯ ಕೆಲಸ ನಡೆದಿತ್ತು. ಒಳಗೆ ಶಾವಿಗೆ ಹೊಸೆಯುವ ಹೆಂಗಸರ ಮಾತು, ಹಿತ್ತಿಲಲ್ಲಿ ಬಟ್ಟೆ ಉಜ್ಜುವ ಸರಸರ ಸದ್ದು. ಅಪ್ಪ ಎರಡನ್ನೂ ಕೇಳುತ್ತ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಪುಟ ಮಗುಚುತ್ತಿರಲಿಲ್ಲ.

ಕೊನೆಗೆ ಒಂದು ಸಂಜೆ ಮೇಣ ಹಚ್ಚಿ ಒರೆಸಿ, ಕಾಕ ನನ್ನನ್ನು ಕರೆದರು. ಈ ಬಾರಿಯ ಹೊಳಪೇ ಬೇರೆ. ಒಣ ಹೊಳಪು, ಆಳದಿಂದ ಬಂದದ್ದು. ಅವರು ಹೊಸ ಬಿಳಿ ಧೋತರ ಉಟ್ಟು ಬಂದಿದ್ದರು. ಬಾಗಿಲಿಗೆ ಗಟ್ಟಿಯಾಗಿ ಒರಗಿ, ಸರಿದು, ನನಗೆ ಬೆನ್ನು ತಿರುಗಿಸಿ ನಿಂತರು.

"ಹತ್ತೈತೇನ್ ನೋಡು."

"ಇಲ್ಲ ಕಾಕ. ಏನೂ ಹತ್ತಿಲ್ಲ."

"ಬರೋಬರಿ ನೋಡ್ಲೇ."

ನೋಡಿದೆ. ಏನೂ ಇರಲಿಲ್ಲ. ಅವರು ತಿರುಗಿದಾಗ ಮುಖದಲ್ಲಿ, ಹಿಂದೆ ಮದುಮಗನನ್ನು ಕೂರಿಸಿಕೊಂಡು ಹೋಗುವಾಗ ಇರುತ್ತಿದ್ದ ಆ ಹಳೆಯ ಗತ್ತು ಬಂದಿತ್ತು.

ಅವರಿಗೊಂದು ಆಸೆಯಿತ್ತು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಹುಡುಗಿಯ ತಂದೆ ಬಂದು, ಕಾರು ನೋಡಿ, ತಾವಾಡಿದ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡರೆ ಮುಗಿಯಿತು. ಆಡಿದವರೇ ಬಿಡಿಸಬೇಕಾದ ಗಂಟು ಅದು. ಅವತ್ತು ಕಾರನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ, ಪಕ್ಕದಲ್ಲಿ ಕೀಲಿ ಹಿಡಿದು ಕಾದರು. ಬಂದವರು ಹುಡುಗಿಯ ಚಿಕ್ಕಪ್ಪಂದಿರು. ತಂದೆಗೆ ಹೂವಿನ ಕಟಾವಿದ್ದು ಬರಲಾಗಿರಲಿಲ್ಲ.

"ಕಾರ್ ಯಾರದ್ರಿ?" ಎಂದು ಕೇಳಿದರು ಒಬ್ಬರು.

"ನಂದ್ರಿ."

"ಛಲೋ ಇಟ್ಟೀರಿ."

ಅಷ್ಟೇ. ವೀಳ್ಯದ ದಿನ ಅವರು ಊರಲ್ಲಿರಲಿಲ್ಲವಂತೆ. ನೀರೊಲೆ, ಕಾಳು ತುಂಬುವ ಹಗೇವು, ಬಾವಿ ನೋಡಿಕೊಂಡು ಉಂಡು ಹೋದರು. ಅವರ ಬಸ್ಸು ತಿರುವು ದಾಟುವ ತನಕ ಕಾಕ ಕೀಲಿ ಹಿಡಿದು ನಿಂತೇ ಇದ್ದರು.

ನಾನು ಸುಮ್ಮನಿರಲಿಲ್ಲ. ಅಪ್ಪನನ್ನು ಕೇಳಿದೆ. ಹಡಗಲಿಗೆ ಒಂದು ಮಾತು ಹೇಳಿಕಳಿಸಿದರೆ ಏನಾದೀತು ಎಂದೆ. "ವೀಳ್ಯ ಹಿಡದು ಒಪ್ಪೀನಿ. ಈಗ ಹೋಗಿ ಕೇಳಿದ್ರ, ಕೊಟ್ಟ ಮಾತಿಗೆ ತಪ್ಪಿದ್ರು ಅಂತಾರ" ಎಂದರು. ಕಾಕನನ್ನೇ ಕೇಳಿದೆ. ಅವರಾದರೂ ಹಟ ಮಾಡಿಯಾರು ಎಂಬ ಆಸೆಯಿಂದ. "ನಿಮ್ಮಪ್ಪ ಹೇಳೂದು ಖರೇ ಐತಿ ತಮ್ಮಾ. ನನ್ನಿಂದ ಒಂದ್ ಸಲ ಮುಖ ಕೆಡಿಸಿಕೊಂಡೀರಿ, ಸಾಕು" ಎಂದರು. ಹಾಗೆನ್ನುವಾಗಲೂ ಕೈಯ ಬಟ್ಟೆ ಹೆಡ್‌ಲೈಟಿನ ಸುತ್ತ ಓಡುತ್ತಿತ್ತು.

ಮದುವೆ ಹಡಗಲಿಯಲ್ಲಿ. ನಾವೆಲ್ಲ ಟೆಂಪೋದಲ್ಲಿ ಹೊರಟೆವು. ಕಾಕ ಟೆಂಪೋದಲ್ಲಿ ಕೂರಲಿಲ್ಲ. ಹಿಂದಿನಿಂದ ಬಸ್ಸಿಗೆ ಬರುತ್ತೇನೆ ಎಂದರು. ಕಾರು ಕೊಟ್ಟಿಗೆಯಲ್ಲಿ, ಮೇಲೊಂದು ಜಮಖಾನ ಹೊದ್ದು ನಿಂತಿತ್ತು.

ಹಡಗಲಿಯ ಗುಡಿಯ ಮುಂದೆ ಬೀಗರು ನಮ್ಮನ್ನು ಎದುರುಗೊಂಡರು. ವಾದ್ಯದವರು ಸಿದ್ಧರಿದ್ದರು. ನನ್ನನ್ನು ಕೂರಿಸಲು ನಾವು ಅಲ್ಲಿಯವರದೇ ಒಂದು ಜೀಪು ಗೊತ್ತುಮಾಡಿದ್ದೆವು. ಹುಡುಗಿಯ ತಂದೆ ಬಂದರು. ಅವರ ಹಿಂದೆ ಹೆಂಗಸರು ಬಾಳೆ ಎಲೆಯಲ್ಲಿ ಸುತ್ತಿದ ಏನನ್ನೋ ಹೊತ್ತು ತಂದಿದ್ದರು. ಅವರು ಜೀಪು ನೋಡಿದರು, ಜೀಪಿನ ಹಿಂದೆ ನೋಡಿದರು, ರಸ್ತೆಯ ತುದಿಯ ತನಕ ನೋಡಿದರು.

"ಕಾರ್ ಎಲ್ಲೈತ್ರಿ ಬೀಗರ?"

ಅಪ್ಪ ಜೀಪಿನ ಕಡೆ ಕೈ ತೋರಿಸಿದರು.

"ಅಲ್ರೀ, ಎಮ್ಮಿ ನೆಕ್ಕಿದ ಕಾರ್? ಇಡೀ ಓಣಿಗೆ ಹೇಳೀನಿ ನಾನು. ಮನ್ಯಾಗಿನ ಹೆಣ್ಮಕ್ಳು ಬಸ್ ಸ್ಟ್ಯಾಂಡಿನ ಟ್ಯಾಕ್ಸಿ ಅಳತಿ ತಗೊಂಡು, ಅದಕಂತ ಹೂವಿನ ಜಾಲ ಕಟ್ಯಾರ." ಅವರು ಈಗಲೂ ನಗುತ್ತಿರಲಿಲ್ಲ. ಆಗ ನಮಗೆ ತಿಳಿಯಿತು. ಅದು ಅವರ ಮುಖ. ಆ ಮನುಷ್ಯ ತಮಾಷೆ ಮಾಡುವಾಗ ನಗುವವರೇ ಅಲ್ಲ. ವೀಳ್ಯದ ದಿನ ಅವರು ಆಡಿದ್ದು ಚೇಷ್ಟೆಯ ಮಾತು. ನಮ್ಮ ನಾಚಿಕೆಯಲ್ಲಿ ನಾವು ಅದನ್ನು ಶಾಸನ ಮಾಡಿಕೊಂಡು, ಎರಡು ತಿಂಗಳು ಆ ಶಾಸನವನ್ನು ಕಾಯ್ದಿದ್ದೆವು.

ಅಪ್ಪ, "ನೀವ ಅವತ್ತು..." ಎಂದು ಶುರುಮಾಡಿದರು. ಅಷ್ಟರಲ್ಲಿ ಜನರ ನಡುವಿನಿಂದ ಕಾಕ ಮುಂದೆ ಬಂದರು. ಬಸ್ಸಿನಲ್ಲಿ ನಿಂತು ಬಂದು ಧೋತರ ಮುದುಡಿತ್ತು.

"ಗೇರ್ ಬಾಕ್ಸ್ ಕೈ ಕೊಟ್ಟೈತ್ರಿ ಯಜಮಾನ್ರ. ತರಬೇಕಂತ ಹೊಂಟಿದ್ದೆ, ದಾರ್ಯಾಗ ನಿಂತ್ರ ಮುಹೂರ್ತ ತಪ್ಪೀತು ಅಂತ ಬಿಟ್ಟು ಬಂದೆ. ತಪ್ಪು ನಂದ."

"ಹೌದಾ. ಛೇ ಛೇ" ಎಂದರು ಹುಡುಗಿಯ ತಂದೆ. "ನಮ್ಮ ಎಮ್ಮಿಗೆ ಏನ್ ಹೇಳಲಿ ಈಗ?" ಸುತ್ತ ಇದ್ದವರೆಲ್ಲ ನಕ್ಕರು. ಕಾಕನೂ ನಕ್ಕರು. ಅಪ್ಪ ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಬಾಸಿಂಗದ ಕೆಳಗೆ ನನ್ನ ಮುಖ ಹೇಗಿತ್ತೋ, ಯಾರಿಗೂ ಕಾಣದಿದ್ದದ್ದು ಪುಣ್ಯ.

ಬಾಳೆ ಎಲೆ ಬಿಚ್ಚಿದರು. ಮಲ್ಲಿಗೆಯ ಜಾಲ. ಅಂಬಾಸಿಡರ್ ಬಾನೆಟ್ಟಿನ ಉಬ್ಬಿಗೆ ಸರಿಯಾಗಿ, ನಡುವೆ ಬಿಗಿದು ಅಂಚಿಗೆ ಇಳಿಯುವಂತೆ ಕಟ್ಟಿದ್ದರು. ಜೀಪಿನ ಚಪ್ಪಟೆ ಮೂತಿಯ ಮೇಲೆ ಹರವಿದರೆ ಅದು ಜೋತು ನೆಲಕ್ಕೆ ತಾಗುತ್ತಿತ್ತು. ಹೆಂಗಸರು ಎಳೆದರು, ಗಂಡಸರು ಸಲಹೆ ಕೊಟ್ಟರು. ಕೊನೆಗೆ ಕಾಕ, "ಬಿಡ್ರಿ ಇಲ್ಲಿ" ಎಂದು ಬಗ್ಗಿ, ಜಾಲವನ್ನು ಒಂದೊಂದೇ ಮಡಿಕೆಯಾಗಿ ಮಡಿಸಿ, ಒಂದು ಮೊಗ್ಗೂ ಉದುರದ ಹಾಗೆ ಆ ಪರಕೀಯ ಜೀಪಿಗೆ ಕಟ್ಟಿದರು. ಕಟ್ಟಿ ಮುಗಿಸಿ, ಡ್ರೈವರನ ಕಡೆ ತಿರುಗಿ, "ಮೆಲ್ಲಕ ಹೊಡಿಯಪ್ಪಾ" ಎಂದರು. ನಾನು ಒಳಗೆ ಕೂತು ಅವರ ಕೈ ನೋಡುತ್ತಿದ್ದೆ. ಉಗುರುಗಳ ಸಂದಿಯಲ್ಲಿ ಬದನೆಕಾಯಿ ಬಣ್ಣ ಇನ್ನೂ ಕೂತಿತ್ತು... ಮೆರವಣಿಗೆ ಎಷ್ಟು ಹೊತ್ತು ನಡೆಯಿತು, ಯಾವ ಯಾವ ಓಣಿ ಹಾಯ್ದಿತು, ನನಗೆ ನೆನಪಿಲ್ಲ.

ಆ ವಿಷಯವನ್ನು ಕಾಕ ಮತ್ತೆ ಎತ್ತಲಿಲ್ಲ. ನಮ್ಮ ಮಾವನವರು ಕೊನೆಯ ತನಕ, ಆ ಗೇರ್ ಬಾಕ್ಸ್ ಸರಿಹೋಯಿತೇ ಎಂದು ಕೇಳುತ್ತಲೇ ಇದ್ದರು. ನಾವು ಸರಿಹೋಗಿದೆ ಎನ್ನುತ್ತಿದ್ದೆವು. ಅಪ್ಪ ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ, ಕೇಳದೆಯೇ ಹೇಳಿದರು: "ಅವತ್ತು ನಾವು ನಗಬೇಕಾಗಿತ್ತು ಬಿಡು."

ಈಗ ಅವರು ಮೂವರೂ ಇಲ್ಲ. ಗಿರಣಿಯೂ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಇದೆ. ಹರಪನಹಳ್ಳಿಗೆ ಬಂದು ಮನೆ ಮಾಡಿದ ಮೇಲೆ ಕೊಟ್ಟೂರಿಗೆ ಹೋದಾಗಲೆಲ್ಲ ನಾನು ಆ ಓಣಿಯನ್ನು ಆದಷ್ಟು ಬೇಗ ದಾಟುತ್ತೇನೆ. ಯಾರಾದರೂ ಕಟ್ಟೆಯಿಂದ ಲೇ ತಮ್ಮಾ ಎಂದು ಕೂಗಿಯಾರು ಎಂಬ ಭಯದಿಂದಲ್ಲ, ಇನ್ನು ಯಾರೂ ಕೂಗುವುದಿಲ್ಲ ಎಂಬುದು ಅಲ್ಲಿ ನಿಂತರೆ ಚೆನ್ನಾಗಿ ಕೇಳಿಸುತ್ತದೆ. ಬಣ್ಣ ಬಂದ ಮೇಲೆ ಆ ಕಾರಿನಲ್ಲಿ ಯಾವ ಮದುಮಗನೂ ಕೂರಲಿಲ್ಲ. ಕಾಕ ತೀರಿಕೊಂಡ ವರ್ಷ ಕಾಕಿ ಅದನ್ನು ಕೂಡ್ಲಿಗಿಯವರೊಬ್ಬರಿಗೆ ಕೊಟ್ಟರು. ಅವರು ಅದಕ್ಕೆ ಬಿಳಿ ಬಣ್ಣ ಹೊಡೆಸಿ ಟ್ಯಾಕ್ಸಿ ಮಾಡಿಕೊಂಡರು.